ಹಳೆ ಆಟಿಕೆಯ ವ್ಯಾಪಾರ, ಹೊಣೆಗಾರಿಕೆಯ ವಿಮೆ: ನಾನು ಎಡವಿ ಕಲಿತದ್ದು

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. ಮಹಡಿಯ ಕೋಣೆಯಲ್ಲಿ ಹಳೆ ಆಟಿಕೆ ತುಂಬಿಕೊಂಡು, ಒಂದೊಂದರ ಫೋಟೊ ತೆಗೆದು ಹಾಕಿ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಶುರುವಾದದ್ದು 2019ರಲ್ಲಿ, ನನ್ನ ಮಗ ಆಡಿ ಬಿಟ್ಟ ಸಾಮಾನಿನಿಂದ. ಒಂದು ಮಗುವಿಗೆ ಬೇಡವಾದದ್ದು ಇನ್ನೊಂದು ಮಗುವಿನ ಕೈಗೆ ಕಾಲು ಬೆಲೆಗೆ ಸಿಗುವುದು ಒಳ್ಳೆಯ ಕೆಲಸ ಅಂತ ಅಂದೂ ನಂಬಿದ್ದೆ, ಇಂದೂ ನಂಬಿದ್ದೇನೆ. ಆದರೆ ಆ ಆಟಿಕೆಯಿಂದ ಮಗುವಿಗೆ ಏನಾದರೂ ಆದರೆ ಹೊಣೆ ಯಾರದು ಎಂದು ಮೂರು ವರ್ಷ ನಾನು ಯೋಚಿಸಿಯೇ ಇರಲಿಲ್ಲ. ಯೋಚಿಸಲು ಶುರು ಮಾಡಿ ವಿಮೆ ತೆಗೆದುಕೊಂಡ ಮೇಲೂ ತಪ್ಪು ಮಾಡಿದೆ. ಈಚೆಗೆ ಇದೇ ವ್ಯಾಪಾರಕ್ಕೆ ಇಳಿಯುವ ಗೆಳತಿಯರು ಫೋನ್ ಮಾಡಿ ವಿಮೆಯ ವಿಷಯ ಕೇಳುತ್ತಾರೆ. ನಾನು ವಿಮೆಯವಳೂ ಅಲ್ಲ, ವಕೀಲಳೂ ಅಲ್ಲ. ನನಗೆ ಆದದ್ದನ್ನು ಆದ ಹಾಗೆ ಹೇಳಬಲ್ಲೆ, ಅಷ್ಟೆ.

1. ಮನೆಯ ಸಾಮಾನು ಮಾರುವುದು ಬೇರೆ, ವ್ಯಾಪಾರ ಬೇರೆ

ಮಗನ ಮೂರು ಚಕ್ರದ ಸೈಕಲ್ ಮಾರಿದಾಗ ನಾನು ಬರೀ ಒಬ್ಬ ತಾಯಿ. ಅಪಾರ್ಟ್‌ಮೆಂಟ್ ಖಾಲಿ ಮಾಡುವವರಿಂದ ಮೂಟೆಗಟ್ಟಲೆ ಆಟಿಕೆ ಕೊಂಡು, ತೊಳೆದು, ಬೆಲೆ ಕಟ್ಟಿ, ತಿಂಗಳಿಗೆ ಅರವತ್ತು ಪಾರ್ಸೆಲ್ ಕಳಿಸತೊಡಗಿದ ಮೇಲೆ ನಾನು ಮಾರಾಟಗಾರಳಾದೆ. ಈ ಬದಲಾವಣೆ ಯಾವ ತಿಂಗಳಲ್ಲಿ ಆಯಿತು ಎಂದು ಕೇಳಿದರೆ ಹೇಳಲಾರೆ. ನಾನಂತೂ 'ಮನೇಲಿ ಕೂತು ಮಾಡೋ ಕೆಲಸ' ಎಂದೇ ಹೇಳಿಕೊಂಡು ತಿರುಗುತ್ತಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಂದು ಜಾರಿಗೆ ಬಂತು. ಉತ್ಪನ್ನದಿಂದಾದ ಹಾನಿಗೆ ಯಾರು ಹೊಣೆ ಎಂಬುದಕ್ಕೇ ಅದರಲ್ಲಿ ಒಂದು ಅಧ್ಯಾಯವಿದೆ. ವ್ಯಾಪಾರವಾಗಿ ಮಾರುವವರೆಲ್ಲ ಆ ಅಧ್ಯಾಯದ ಲೆಕ್ಕಕ್ಕೆ ಬರುತ್ತಾರೆ. ಅಂಗಡಿ ಇದೆಯೋ ಮಹಡಿ ಕೋಣೆ ಇದೆಯೋ ಎಂದು ಅದು ನೋಡುವುದಿಲ್ಲ.

2. ಮನೆ ವಿಮೆ ಮನೆಗಷ್ಟೇ

'ನಮ್ಮನೆಗೆ ಇನ್ಶೂರೆನ್ಸ್ ಇದೆ' ಎಂಬ ಧೈರ್ಯದಲ್ಲಿ ನಾನಿದ್ದೆ. ನಮ್ಮಲ್ಲಿ ಇದ್ದದ್ದು 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಕೊಡುತ್ತಿರುವ 'ಭಾರತ್ ಗೃಹ ರಕ್ಷಾ' ಪಾಲಿಸಿ. ಬೆಂಕಿ, ನೆರೆ, ಭೂಕಂಪದಿಂದ ಕಟ್ಟಡಕ್ಕೂ ಮನೆಯೊಳಗಿನ ವಸ್ತುಗಳಿಗೂ ಆಗುವ ನಷ್ಟಕ್ಕೆ ಅದು ಸರಿ. ನಾನು ಮಾರಿದ ಗಿಲಕಿಯಿಂದ ಊರಾಚೆಯ ಮಗುವಿಗೆ ಗಾಯವಾದರೆ ಅದಕ್ಕೂ ಈ ಪಾಲಿಸಿಗೂ ಸಂಬಂಧವೇ ಇಲ್ಲ. ಇದು ಗೊತ್ತಾದ ಮೇಲೆ ಇನ್ನೊಂದು ಗೊಂದಲಕ್ಕೆ ಬಿದ್ದೆ. ಯಾರೋ 'ಪಬ್ಲಿಕ್ ಲಯಬಿಲಿಟಿ' ತಗೊಳ್ಳಿ ಎಂದರು. ಹುಡುಕಿದಾಗ ಕಣ್ಣಿಗೆ ಬಿದ್ದದ್ದು 1991ರ ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ ಕಾಯ್ದೆ. ಅದು ಭೋಪಾಲ್ ದುರಂತದ ಅನುಭವದಿಂದ ಬಂದದ್ದು, ಅಪಾಯಕಾರಿ ರಾಸಾಯನಿಕ ಇಟ್ಟುಕೊಳ್ಳುವವರಿಗೆ. ನನಗೆ ಬೇಕಾದದ್ದು ಅದಲ್ಲ.

ಕೊನೆಗೆ ಒಬ್ಬ ಬ್ರೋಕರ್ ಸರಳವಾಗಿ ಬಿಡಿಸಿ ಹೇಳಿದರು: "ಮೇಡಂ, ಆಟಿಕೆ ನೋಡೋಕೆ ಬಂದೋರು ನಿಮ್ಮ ಮೆಟ್ಟಿಲಲ್ಲಿ ಜಾರಿ ಬಿದ್ರೆ ಅದು ಪಬ್ಲಿಕ್ ಲಯಬಿಲಿಟಿ. ಮಾರಿದ ಆಟಿಕೆ ಅವರ ಮನೇಲಿ ಏನಾದ್ರೂ ಮಾಡಿದ್ರೆ ಅದು ಪ್ರಾಡಕ್ಟ್ ಲಯಬಿಲಿಟಿ. ನಿಮಗೆ ಬೇಕಾಗಿರೋದು ಎರಡನೇದು." ಎರಡನ್ನೂ ಒಟ್ಟಿಗೆ ಕೊಡುವ ಪಾಲಿಸಿಯೂ ಇದೆ, ಕಮರ್ಷಿಯಲ್ ಜನರಲ್ ಲಯಬಿಲಿಟಿ ಎನ್ನುತ್ತಾರೆ. ನಮ್ಮ ಮನೆಗೆ ಗಿರಾಕಿಗಳು ಬರುವುದಿಲ್ಲವಾದ್ದರಿಂದ ನಾನು ಎರಡನೆಯದನ್ನೇ ತೆಗೆದುಕೊಂಡೆ.

3. 'ನೂರಕ್ಕೆ ನೂರು ಸೇಫ್' ಎಂದು ಬರೆಯಬೇಡಿ

ಮೊದಲ ಮೂರು ವರ್ಷ ನನ್ನ ಪ್ರತಿ ಫೋಟೊದ ಕೆಳಗೂ ಇದೇ ವಾಕ್ಯ ಇರುತ್ತಿತ್ತು: 'ಹೊಸದರಂತಿದೆ, ಮಕ್ಕಳಿಗೆ 100% ಸೇಫ್.' ನಂಬಿಕೆ ಬರಲಿ ಎಂದು ಬರೆಯುತ್ತಿದ್ದೆ. ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೇ ಕಲಂ ಓದಿದ ದಿನ ರಾತ್ರಿ ಕೂತು ಇನ್ನೂರಕ್ಕೂ ಹೆಚ್ಚು ಜಾಹೀರಾತುಗಳಿಂದ ಆ ವಾಕ್ಯ ಅಳಿಸಿದೆ. ತಯಾರಕನಲ್ಲದ ಮಾರಾಟಗಾರ ಯಾವಾಗ ಹೊಣೆಗಾರನಾಗುತ್ತಾನೆ ಎಂದು ಆ ಕಲಂ ಒಂದೊಂದಾಗಿ ಹೇಳುತ್ತದೆ. ತಯಾರಕ ಕೊಟ್ಟ ಭರವಸೆಯ ಮೇಲೆ ತನ್ನದೂ ಒಂದು ಭರವಸೆ ಕೊಟ್ಟು, ವಸ್ತು ಅದಕ್ಕೆ ತಕ್ಕಂತೆ ಇಲ್ಲದಿದ್ದರೆ ಹೊಣೆ ಅವನದೂ ಹೌದು. ನಾನು ದಿನಕ್ಕೆ ಹತ್ತು ಸಲ ಆ ಭರವಸೆ ಕೊಡುತ್ತಿದ್ದೆ. ಈಗ ಕಂಡದ್ದನ್ನು ಮಾತ್ರ ಬರೆಯುತ್ತೇನೆ: 'ಎಡಗಾಲಿನ ಬಣ್ಣ ಸವೆದಿದೆ, ಗಾಲಿ ನಾಲ್ಕೂ ಗಟ್ಟಿ ಇವೆ, ಡಬ್ಬಿ ಇಲ್ಲ.' ಮಾರಾಟವೇನೂ ಕಡಿಮೆಯಾಗಲಿಲ್ಲ.

4. ಅಂದ ಮಾಡಲು ಹೋಗಿ ಅಪಾಯ ಮಾಡಿದೆ

ಚನ್ನಪಟ್ಟಣದ ಒಂದು ಹಳೆ ಮರದ ಕುದುರೆ ಬಂದಿತ್ತು. ಹಾಲೆ ಮರದ್ದು, ಹಿಡಿದರೆ ಕೈಗೆ ಹಗುರ. ಅರಗಿನ ಬಣ್ಣ ಬೆನ್ನಿನ ಮೇಲೆ ಮಾತ್ರ ಮಾಸಿತ್ತು. ಶೆಡ್ಡಿನಲ್ಲಿ ಗೇಟಿಗೆ ಬಳಿದು ಉಳಿದಿದ್ದ ಕೆಂಪು ಎನಾಮಲ್ ಡಬ್ಬಿ ಇತ್ತು. ಒಂದು ಮಧ್ಯಾಹ್ನ ಕೂತು ಬಳಿದೆ. ನೋಡಲು ಚೆನ್ನಾಗಿಯೇ ಆಯಿತು, ಇಟ್ಟ ದಿನವೇ ಹೋಯಿತು. ಎರಡು ವಾರಕ್ಕೆ ಕೊಂಡವರು ವಾಟ್ಸಾಪಿನಲ್ಲಿ ಫೋಟೊ ಕಳಿಸಿದರು. ಹತ್ತು ತಿಂಗಳ ಕೂಸಿನ ತುಟಿಯ ಮೇಲೆ ಕೆಂಪು ಚಕ್ಕೆ. ಕುದುರೆಯ ಕಿವಿಯನ್ನು ಕಚ್ಚಿ ಕಚ್ಚಿ ಬಣ್ಣ ಎಬ್ಬಿಸಿತ್ತು.

ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ 2016ರದು, ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ನಮ್ಮ ಶೆಡ್ಡಿನ ಡಬ್ಬಿ ಅದಕ್ಕಿಂತ ಹಳೆಯದು. ಮಗುವಿನ ರಕ್ತ ಪರೀಕ್ಷೆಯ ಫಲಿತಾಂಶ ಬರುವವರೆಗೆ ಮೂರು ದಿನ ನನಗೆ ಊಟ ಸೇರಲಿಲ್ಲ. ಫಲಿತಾಂಶದಲ್ಲಿ ಏನೂ ಇರಲಿಲ್ಲ. ಆಗ ನನ್ನ ಹತ್ತಿರ ಹೊಣೆಗಾರಿಕೆಯ ಯಾವ ವಿಮೆಯೂ ಇರಲಿಲ್ಲ. ಪರೀಕ್ಷೆಯ ದುಡ್ಡು, ಕುದುರೆಯ ದುಡ್ಡು ಎರಡನ್ನೂ ಕೊಟ್ಟು ಕೈಮುಗಿದೆ.

ಮಾರಾಟಗಾರ ವಸ್ತುವನ್ನು ಬದಲಿಸಿ, ಆ ಬದಲಾವಣೆಯೇ ಹಾನಿಗೆ ಮುಖ್ಯ ಕಾರಣವಾದರೆ ಹೊಣೆ ಅವನದು ಎಂದೂ ಅದೇ 86ನೇ ಕಲಂ ಹೇಳುತ್ತದೆ. ಚನ್ನಪಟ್ಟಣದವರು ತಿರುಗುವ ಚರಕಿಗೆ ಅರಗು ಒತ್ತಿ ಬಣ್ಣ ಏರಿಸುವುದು ಸುಮ್ಮನೆ ಬಂದ ಪದ್ಧತಿಯಲ್ಲ, ಆಟಿಕೆ ಮಗುವಿನ ಬಾಯಿಗೆ ಹೋಗುತ್ತದೆ ಎಂದು ಗೊತ್ತಿದ್ದವರ ಕೆಲಸ ಅದು. ಅದರ ಮೇಲೆ ಗೇಟಿನ ಬಣ್ಣ ಬಳಿದವಳು ನಾನು. ಈಗ ತೊಳೆಯುತ್ತೇನೆ, ಒರೆಸುತ್ತೇನೆ, ಅದರಾಚೆ ಏನೂ ಮಾಡುವುದಿಲ್ಲ.

5. ಊರು ಹೆಸರಿಲ್ಲದ ಆಟಿಕೆಗೆ ನೀವೇ ತಯಾರಕರು

ಇದು ನನಗೆ ತಡವಾಗಿ ಹೊಳೆದ ವಿಷಯ. ಆಟಿಕೆ ಮಾಡಿದವರು ಯಾರೆಂದು ಗೊತ್ತಾಗದಿದ್ದರೆ, ಅಥವಾ ಗೊತ್ತಿದ್ದೂ ಅವರಿಗೆ ನೋಟಿಸು ಮುಟ್ಟಿಸಲು ಆಗದಿದ್ದರೆ, ಕಾಯ್ದೆ ಮಾರಿದವರ ಬಾಗಿಲಿಗೆ ಬರುತ್ತದೆ. ಹಳೆ ಆಟಿಕೆಯಲ್ಲಿ ಚೀಟಿ ಹರಿದಿರುತ್ತದೆ, ಅಚ್ಚು ಅಳಿಸಿರುತ್ತದೆ, ಡಬ್ಬಿಯಂತೂ ಇರುವುದೇ ಅಪರೂಪ. ಮೂಟೆಯಲ್ಲಿ ಅರ್ಧದಷ್ಟು ಇಂಥವೇ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆ ಆದೇಶ 14 ವರ್ಷದೊಳಗಿನ ಮಕ್ಕಳು ಆಡುವ ಸಾಮಾನಿಗೆಲ್ಲ ಅನ್ವಯ. ಚನ್ನಪಟ್ಟಣದಂಥ ಜಿಐ ಆಟಿಕೆ ಮಾಡುವವರಿಗೂ ನೋಂದಾಯಿತ ಕುಶಲಕರ್ಮಿಗಳಿಗೂ ಅದರಲ್ಲಿ ವಿನಾಯಿತಿ ಇದೆ. ನನ್ನದು ಹಳೆ ಸಾಮಾನು, ನನಗೂ ರಿಯಾಯಿತಿ ಸಿಕ್ಕೀತು ಎಂದು ನಂಬಿ ಕೂರಲು ಮನಸ್ಸಾಗಲಿಲ್ಲ. ಕಾನೂನು ಗೊತ್ತಿದ್ದೂ ಬೇಕೆಂದೇ ಪಾಲಿಸದಿದ್ದರೆ ಹಣ ಕೊಡುವುದಿಲ್ಲ ಎಂಬ ಮಾತು ಪಾಲಿಸಿಯಲ್ಲೇ ಅಚ್ಚಾಗಿದೆ. ಈಗ ಗುರುತೂ ಹೆಸರೂ ಎರಡೂ ಇದ್ದರೆ ಮಾತ್ರ ಕೊಳ್ಳುತ್ತೇನೆ. ಕೋಣೆಯಲ್ಲಿ ಉಳಿದಿದ್ದ ಎರಡು ಮೂಟೆ ಗುಜರಿಗೆ ಹೋಯಿತು. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

6. ಸ್ಕ್ರೂ ಇಲ್ಲದ ಮುಚ್ಚಳಕ್ಕೆ ಟೇಪು ಹಾಕಿದೆ

ಇದನ್ನು ಬರೆಯುವುದು ಕಷ್ಟ. ಆದರೂ ವಿವರವಾಗಿಯೇ ಹೇಳಬೇಕು.

ಅಂಗೈಯಗಲದ ಹಳದಿ ಪಿಯಾನೋ. ಎಂಟು ಮನೆ, ಒತ್ತಿದರೆ ಕೋಳಿ, ಹಸು, ನಾಯಿಯ ಕೂಗು. ಹಿಂಬದಿಯಲ್ಲಿ ಸೆಲ್ಲಿನ ಮುಚ್ಚಳ, ಅದಕ್ಕೊಂದು ಸಣ್ಣ ಸ್ಕ್ರೂ ಇರಬೇಕಾದ ತೂತು. ಸ್ಕ್ರೂ ಇರಲಿಲ್ಲ. ಮುಚ್ಚಳ ಕೂತುಕೊಳ್ಳುತ್ತಿತ್ತು, ಆದರೆ ಉಗುರಿನಿಂದ ಎತ್ತಿದರೆ ಬರುತ್ತಿತ್ತು. ಅಂಥ ಸ್ಕ್ರೂ ಹುಡುಕಲು ದೇವರಾಜ ಅರಸು ರಸ್ತೆಯವರೆಗೆ ಹೋಗಬೇಕಿತ್ತು. ಕೊರಿಯರ್ ಹುಡುಗ ಬರುವ ಹೊತ್ತಾಗಿತ್ತು. ಅಗಲದ ಪಾರದರ್ಶಕ ಟೇಪನ್ನು ಎರಡು ಸುತ್ತು ಸುತ್ತಿ, ಹೆಬ್ಬೆರಳಿನಿಂದ ಒತ್ತಿ ಕಳಿಸಿದೆ. 650 ರೂಪಾಯಿ. ದಾವಣಗೆರೆಗೆ ಹೋಯಿತು. ಅದು 2022ರ ಸೆಪ್ಟೆಂಬರ್, ನಾನು ವಿಮೆ ಮಾಡಿಸಿ ಮೂರು ತಿಂಗಳಾಗಿತ್ತು.

ನವೆಂಬರ್‌ನಲ್ಲಿ ಒಂದು ಸಂಜೆ ಆ ತಾಯಿಯ ಫೋನ್ ಬಂತು. "ಮೇಡಂ, ನೀವು ಕಳಿಸಿದ್ರಲ್ಲ ಪಿಯಾನೋ, ಅದ್ರಾಗಿನ ಸೆಲ್ಲು ನಮ್ಮ ಹುಡುಗ ನುಂಗ್ಯಾನ್ರೀ. ಆಸ್ಪತ್ರ್ಯಾಗ ಅದೀವಿ." ಹದಿನಾರು ತಿಂಗಳ ಮಗು. ಟೇಪಿನ ಅಂಚು ಎದ್ದಿತ್ತಂತೆ, ಅದನ್ನೇ ಎಳೆದು ಆಡುತ್ತಿತ್ತಂತೆ. ಬಟನ್ ಸೆಲ್ಲು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡಬಲ್ಲದು. 20 ಮಿಲಿಮೀಟರಿನ ಅಗಲ ಲಿಥಿಯಂ ಬಿಲ್ಲೆಗಳಿಂದ ಆ ಅಪಾಯ ಹೆಚ್ಚು. ಈ ಮಗು ನುಂಗಿದ್ದು ಸಣ್ಣದು, ಎಕ್ಸ್‌ರೇ ತೆಗೆದಾಗ ಅದಾಗಲೇ ಹೊಟ್ಟೆಗೆ ಇಳಿದಿತ್ತು. ಎರಡು ದಿನ ಇಟ್ಟುಕೊಂಡು ನೋಡಿದರು, ಮೂರನೇ ದಿನ ಹೊರಬಂತು. ಬಿಲ್ಲು 27,400 ರೂಪಾಯಿ.

ಫೋನಿನಲ್ಲಿ ನಾನು ಹೇಳಿದ್ದು ಇಷ್ಟು: "ತಪ್ಪು ನಂದೇ ಕಣಮ್ಮ. ಆಸ್ಪತ್ರೆ ಖರ್ಚೆಲ್ಲ ನಾನೇ ಕೊಡ್ತೀನಿ." ಅವತ್ತೇ ರಾತ್ರಿ 15,000 ಕಳಿಸಿದೆ. ವಿಮೆಯ ನೆನಪಾದದ್ದು ಹತ್ತೊಂಬತ್ತು ದಿನ ಆದ ಮೇಲೆ.

ಕಂಪನಿ ಕ್ಲೇಮ್ ಒಪ್ಪಲಿಲ್ಲ. ಕಾರಣ ಎಲ್ಲ ಪಾಲಿಸಿಯಲ್ಲಿ ಮೊದಲೇ ಬರೆದದ್ದೇ: ಘಟನೆ ಗೊತ್ತಾದ ಕೂಡಲೇ ತಿಳಿಸಬೇಕು. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಹೊಣೆ ಒಪ್ಪಿಕೊಳ್ಳಬಾರದು, ಹಣದ ಮಾತು ಕೊಡಬಾರದು, ಹಣ ಕೊಡಬಾರದು. ನಾನು ನಾಲ್ಕನ್ನೂ ಮುರಿದಿದ್ದೆ. ಆ ಪುಟ ನಾನು ಓದಿಯೇ ಇರಲಿಲ್ಲ.

ಹಾಗಾದರೆ ಆ ತಾಯಿಗೆ ನಾನು ಏನು ಹೇಳಬೇಕಿತ್ತು? ಇದನ್ನು ಬಹಳ ದಿನ ಯೋಚಿಸಿದ್ದೇನೆ. ಮಗು ಹೇಗಿದೆ ಎಂದು ಕೇಳುವುದಕ್ಕೆ, ದಾವಣಗೆರೆಗೆ ಬಸ್ಸು ಹತ್ತುವುದಕ್ಕೆ, ಆಸ್ಪತ್ರೆಯ ಬೆಂಚಿನಲ್ಲಿ ಅವರ ಪಕ್ಕ ಕೂರುವುದಕ್ಕೆ ಯಾವ ಪಾಲಿಸಿಯೂ ಅಡ್ಡ ಬರುವುದಿಲ್ಲ. 'ನನ್ನ ಹತ್ತಿರ ಇದಕ್ಕಂತಲೇ ವಿಮೆ ಇದೆ, ಈಗಲೇ ಅವರಿಗೆ ತಿಳಿಸುತ್ತೇನೆ, ಬಿಲ್ಲುಗಳನ್ನೆಲ್ಲ ಜೋಪಾನ ಮಾಡಿ, ಆ ಪಿಯಾನೋ ಹಾಗೇ ಇರಲಿ' ಎನ್ನಬಹುದಿತ್ತು. ಅದು ಆ ಕುಟುಂಬಕ್ಕೂ ಹೆಚ್ಚು ಉಪಯೋಗದ ಮಾತಾಗುತ್ತಿತ್ತು. ಉಳಿದ 12,400 ರೂಪಾಯಿಯನ್ನು ಎರಡು ಕಂತಿನಲ್ಲಿ ಕೊಟ್ಟೆ. ಎರಡನೇ ಕಂತು ಹೋಗುವವರೆಗೆ ಆ ತಾಯಿ ಕಾಯಬೇಕಾಯಿತು, ನನಗೆ ಅದೇ ಹೆಚ್ಚು ಸಂಕಟ.

7. ಅರ್ಜಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆಯಿರಿ

ಕ್ಲೇಮ್ ತಿರಸ್ಕಾರದ ಪತ್ರದಲ್ಲಿ ಇನ್ನೊಂದು ಸಾಲಿತ್ತು. ಪ್ರಪೋಸಲ್ ಫಾರಂನಲ್ಲಿ ನನ್ನ ವ್ಯಾಪಾರ ಏನೆಂಬ ಜಾಗದಲ್ಲಿ 'ಆಟಿಕೆ ಮಾರಾಟ' ಎಂದಿತ್ತು. 'ಹಳೆಯ' ಎಂಬ ಪದ ಇರಲಿಲ್ಲ. ಸಣ್ಣಪುಟ್ಟ ರಿಪೇರಿ ಮಾಡುತ್ತೇನೆ ಎಂದೂ ಇರಲಿಲ್ಲ. ಫಾರಂ ತುಂಬಿದ್ದು ಏಜೆಂಟ್, ಆದರೆ ಸಹಿ ನನ್ನದು. ಮುಚ್ಚಿಡಬೇಕೆಂಬ ಉದ್ದೇಶ ನನಗಿರಲಿಲ್ಲ, ಆದರೆ ವಿಮೆ ನಿಂತಿರುವುದೇ ನಾವು ಪೂರ್ತಿ ಹೇಳಿದ್ದೇವೆ ಎಂಬ ನಂಬಿಕೆಯ ಮೇಲೆ. ಮರುವರ್ಷ ಫಾರಂ ನಾನೇ ತುಂಬಿದೆ. 'ಬಳಸಿದ ಆಟಿಕೆಗಳು, ಮೂರು ವರ್ಷದೊಳಗಿನ ಮಕ್ಕಳದ್ದೂ ಸೇರಿ, ರಿಪೇರಿ ಇಲ್ಲ, ವರ್ಷದ ವಹಿವಾಟು ಸುಮಾರು ಆರು ಲಕ್ಷ' ಎಂದು ಬರೆದೆ. ಎರಡು ಕಂಪನಿ ಬೇಡವೆಂದವು. ಮೂರನೆಯದು ಒಪ್ಪಿತು, ಪ್ರೀಮಿಯಂ ಸ್ವಲ್ಪ ಹೆಚ್ಚು. ತಿಂಗಳಿಗೆ ಹಂಚಿದರೆ ನಾಲ್ಕೈದು ಆಟಿಕೆಯಿಂದ ಬರುವ ಲಾಭ. ನನಗೆ ಅದು ಹೊರೆ ಅನ್ನಿಸಲಿಲ್ಲ.

8. 650 ರೂಪಾಯಿಯ ಆಟಿಕೆ, ಲಕ್ಷಗಳ ದೂರು

'ಆರುನೂರು ರೂಪಾಯಿ ಸಾಮಾನಿಗೆ ಹತ್ತು ಲಕ್ಷದ ವಿಮೆಯೇ?' ಎಂದು ನನ್ನ ಯಜಮಾನರು ಕೇಳಿದ್ದರು. ನನಗೂ ಆಗ ಉತ್ತರ ಗೊತ್ತಿರಲಿಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ಈಗ ಲೆಕ್ಕಕ್ಕೆ ಬರುವುದು ಕೊಂಡ ಬೆಲೆ ಮಾತ್ರ. ಅದು 50 ಲಕ್ಷದೊಳಗಿದ್ದರೆ ಸಾಕು, ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. ಕೇಳುವ ಪರಿಹಾರಕ್ಕೂ ಆ ಬೆಲೆಗೂ ಸಂಬಂಧವಿಲ್ಲ. ದೂರು ಕೊಡುವವರು ತಮ್ಮ ಊರಿನಲ್ಲೇ ಕೊಡಬಹುದು, ಅಂದರೆ ದಾವಣಗೆರೆಗೆ ಅಲೆಯಬೇಕಾದವಳು ನಾನು. ವಕೀಲರ ಖರ್ಚು ಬೇರೆ. ಕಂಪನಿಯ ಒಪ್ಪಿಗೆ ಪಡೆದರೆ ಆ ಖರ್ಚೂ ಪಾಲಿಸಿಯಲ್ಲಿ ಸೇರುತ್ತದೆ. ಈ ಒಂದು ಕಾರಣಕ್ಕಾದರೂ ವಿಮೆ ಬೇಕು ಎಂಬುದು ನನ್ನ ಅಭಿಪ್ರಾಯ. ಮೊತ್ತ ನೋಡುವಾಗ ಎರಡು ಸಂಖ್ಯೆ ಕೇಳಿ: ಒಂದು ಅವಘಡಕ್ಕೆ ಎಷ್ಟು, ಇಡೀ ವರ್ಷಕ್ಕೆ ಎಷ್ಟು. ಪ್ರತಿ ಕ್ಲೇಮಿನಲ್ಲೂ ಮೊದಲು ನಮ್ಮ ಕೈಯಿಂದ ಹೋಗುವ ಪಾಲು ಎಷ್ಟು ಎಂಬುದನ್ನೂ ಕೇಳಿ.

9. ವಿಮೆ ಮುಟ್ಟದ ಜಾಗಗಳಿವೆ

ಮುರಿದ ಆಟಿಕೆಯ ಬೆಲೆ ವಾಪಸು ಕೊಡುವುದು ನಮ್ಮದೇ ಖರ್ಚು. ಮಾರಿದ್ದನ್ನು ಹಿಂದಕ್ಕೆ ಕರೆಸಿಕೊಳ್ಳುವ ಖರ್ಚೂ ಸೇರುವುದಿಲ್ಲ, ಅದಕ್ಕೆ ಬೇರೆಯೇ ಪಾಲಿಸಿ. ಪಿಯಾನೋ ಘಟನೆಯ ಮರುದಿನ ನೋಟ್‌ಬುಕ್ ತೆಗೆದು ಸೆಲ್ಲಿನ ಆಟಿಕೆ ಕೊಂಡಿದ್ದವರಿಗೆಲ್ಲ ಫೋನ್ ಮಾಡಿದೆ. ಮೂವತ್ತೊಂದು ಮನೆ. ಹನ್ನೊಂದು ಆಟಿಕೆ ನನ್ನ ಖರ್ಚಿನಲ್ಲಿ ವಾಪಸು ಬಂದವು, ಅದರಲ್ಲಿ ಎರಡಕ್ಕೆ ನನ್ನದೇ ಟೇಪು ಇತ್ತು. ನೋಟ್‌ಬುಕ್ ಇಲ್ಲದಿದ್ದರೆ ಆ ಎರಡು ಮನೆ ನನಗೆ ಸಿಗುತ್ತಲೇ ಇರಲಿಲ್ಲ. ಯಾವ ಆಟಿಕೆ, ಯಾರಿಂದ ಬಂತು, ಯಾರಿಗೆ ಹೋಯಿತು, ಪ್ಯಾಕ್ ಮಾಡುವ ಮುಂಚಿನ ಎರಡು ಫೋಟೊ: ಇಷ್ಟನ್ನು ಇಟ್ಟುಕೊಳ್ಳಿ.

ವಿದೇಶದ ವಿಷಯವೂ ಹೀಗೆಯೇ. ನ್ಯೂಜೆರ್ಸಿಯಲ್ಲಿರುವ ಮೈಸೂರಿನವರೊಬ್ಬರು ಮೊಮ್ಮಗಳಿಗೆಂದು ಒಂದು ಜೊತೆ ಹಳೆ ಬುಗುರಿ ಕೇಳಿದ್ದರು, ಕಳಿಸಿಯೂ ಬಿಟ್ಟೆ. ನನ್ನ ಪಾಲಿಸಿ ಭಾರತಕ್ಕೆ ಮಾತ್ರ ಎಂದು ಆಮೇಲೆ ನೋಡಿದೆ. ಅಮೆರಿಕಕ್ಕೆ ಬೇಕಾದರೆ ಬಿಡಿಸಿ ಕೇಳಬೇಕು, ಪ್ರೀಮಿಯಂ ಬೇರೆಯೇ ಆಗುತ್ತದೆ. ಮತ್ತೆ ಕಳಿಸಿಲ್ಲ.

10. ಡಬ್ಬಿಯ ಮೇಲಿನ ಎಚ್ಚರಿಕೆಯೂ ಸಾಮಾನಿನ ಭಾಗ

ಮಾರಾಟಗಾರ ಸರಿಯಾಗಿ ಪರೀಕ್ಷಿಸದಿದ್ದರೆ, ತಯಾರಕ ಕೊಟ್ಟ ಎಚ್ಚರಿಕೆಯನ್ನು ಕೊಳ್ಳುವವರಿಗೆ ದಾಟಿಸದಿದ್ದರೆ, ಅದರಿಂದಾದ ಹಾನಿಗೆ ಅವನೇ ಹೊಣೆ. ಹೊಸ ಆಟಿಕೆಯಲ್ಲಿ ಎಚ್ಚರಿಕೆ ಡಬ್ಬಿಯ ಮೇಲಿರುತ್ತದೆ. ನಮ್ಮದರಲ್ಲಿ ಡಬ್ಬಿ ಇಲ್ಲ. ಹಾಗಾಗಿ ತಯಾರಕರ ಮಾಹಿತಿ ಹುಡುಕಿ, ಯಾವ ವಯಸ್ಸಿಗೆ ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಆಟಿಕೆಗೇ ಕಟ್ಟುತ್ತೇನೆ. ಮೂರು ವರ್ಷದೊಳಗಿನವರ ಆಟಿಕೆಯಾದರೆ ಬಿಡಿಭಾಗ ಗಂಟಲಿಗೆ ಸಿಕ್ಕಿಕೊಳ್ಳುವಷ್ಟು ಚಿಕ್ಕದೇ ಎಂದು ನೋಡಲು 31.7 ಮಿಲಿಮೀಟರ್ ಒಳ ವ್ಯಾಸದ ಓರೆ ತಳದ ಕೊಳವೆ ಇದೆ, ಪರೀಕ್ಷಾಲಯದಲ್ಲಿ ಬಳಸುವ ಅಳತೆಯದೇ. ಅದರೊಳಗೆ ಪೂರ್ತಿ ಮುಳುಗಿದ ಯಾವುದೂ ಆ ವಯಸ್ಸಿನ ಮಗುವಿಗೆ ಹೋಗುವುದಿಲ್ಲ.

11. ಅಂಗಡಿ ಮುಚ್ಚಿದರೂ ವಿಮೆ ಮುಚ್ಚಬೇಡಿ

ಹುಬ್ಬಳ್ಳಿಯ ಗೆಳತಿಯೊಬ್ಬಳು ಕಳೆದ ತಿಂಗಳು ಕೇಳಿದಳು: "ವ್ಯಾಪಾರ ನಿಲ್ಲಸ್ತೀನಿ, ಪಾಲಿಸಿ ರಿನ್ಯೂ ಯಾಕ?" ನಮ್ಮಂಥವರಿಗೆ ಸಿಗುವ ಪಾಲಿಸಿಯನ್ನು 'ಕ್ಲೇಮ್ಸ್ ಮೇಡ್' ಎನ್ನುತ್ತಾರೆ. ಮಾರಿದ ದಿನ ವಿಮೆ ಇದ್ದರಷ್ಟೇ ಸಾಲದು, ಪರಿಹಾರ ಕೇಳಿ ಪತ್ರ ಬರುವ ದಿನವೂ ಪಾಲಿಸಿ ಜೀವಂತವಾಗಿರಬೇಕು. ಗ್ರಾಹಕ ದೂರು ಕೊಡಲು ಘಟನೆಯಾದಾಗಿನಿಂದ ಎರಡು ವರ್ಷ ಅವಕಾಶ. ಇವತ್ತು ಕಳಿಸಿದ ಆಟಿಕೆ ಯಾರದೋ ಮನೆಯ ಮೂಲೆಯಲ್ಲಿ ಎಷ್ಟು ವರ್ಷ ಇರುತ್ತದೋ. ಒಂದು ವರ್ಷ ಬಿಟ್ಟು ಮತ್ತೆ ಹೊಸದಾಗಿ ಮಾಡಿಸಿದರೆ ಹಿಂದಿನ ಮಾರಾಟಕ್ಕೆ ರಕ್ಷಣೆ ಕೊಡುವ ಹಳೆ ತಾರೀಕೂ ಕೈತಪ್ಪಬಹುದು. ನನಗೂ ಹೀಗೇ 2023ರಲ್ಲಿ ಕಂಪನಿ ಬದಲಿಸಿದಾಗ ಆ ತಾರೀಕು ಹೊಸದಾಗಿ ಬಿದ್ದುಬಿಟ್ಟಿತು. ಅದಕ್ಕೆ ಮೊದಲು ಮಾರಿದ ಯಾವ ಆಟಿಕೆಗೂ ಇವತ್ತು ವಿಮೆ ಇಲ್ಲ, ನಾನೇ ಇರುವುದು. ಆ ಮಾತು ಹೇಳಿದ ಮೇಲೆ ಅವಳು ತನ್ನ ಪಾಲಿಸಿ ತೆಗೆದು 'ರೆಟ್ರೋಆಕ್ಟಿವ್ ಡೇಟ್' ಎಂದು ಬರೆದಿರುವ ಸಾಲನ್ನು ಫೋನಿನಲ್ಲೇ ಓದಿದಳು. 2021ರ ಆಗಸ್ಟ್ ಇತ್ತು. ಅದನ್ನು ಹಾಗೇ ಉಳಿಸಿಕೊಂಡು ಇನ್ನೆರಡು ವರ್ಷಕ್ಕೆ ಕಟ್ಟುತ್ತೇನೆ ಎಂದಳು.